ಹುಳಿಯ ಮರ್ಯಾದೆ

ಪಬ್ಬೊಂದರ ಮೇಜಿನ ಮೇಲೆ ಎರಡು ಗ್ಲಾಸು ಬೆಲ್ಜಿಯನ್ ಬಿಯರ್ ಇದ್ದವು. ಕಿತ್ತಳೆ ಹೋಳು ಸಿಕ್ಕಿಸಿದ್ದ ಗೋಧಿ ಬಿಯರಿನ ಅಂಚಿನಲ್ಲಿ ಇರುವೆ ಕೂತಿತ್ತು. ಪಕ್ಕದ ಹುಳಿ ಬಿಯರಿನ ಅಂಚಿನಲ್ಲಿ ನೊಣ.

"ಇದನ್ನೂ ಸ್ವಲ್ಪ ನೆಕ್ಕಿ ನೋಡಿ, ನೊಣರಾಯರೇ," ಎಂದಿತು ಇರುವೆ.

"ಥೂ, ಅದು ಮಕ್ಕಳ ಶರಬತ್ತು! ಮೂರು ವರ್ಷ ಮರದ ಪೀಪಾಯಿಯಲ್ಲಿ ಮಾಗಿದ ಹುಳಿ ನನ್ನದು. ಅದಕ್ಕೆ ನಾಲಿಗೆಯಲ್ಲಿ ಸಂಸ್ಕಾರ ಬೇಕು," ಎಂದು ಬೀಗಿದ ನೊಣ ಕಾಲು ಜಾರಿ ಒಳಗೆ ಬಿತ್ತು.

ಇರುವೆ ಕಿತ್ತಳೆಯ ನಾರೊಂದನ್ನು ಎಳೆತಂದು ನೊಣದ ಗ್ಲಾಸಿನೊಳಗೆ ಇಳಿಬಿಟ್ಟಿತು. "ಹಿಡಿದುಕೊಳ್ಳಿ, ರಾಯರೇ!"

"ಗೋಧಿ ಬಿಯರಿನ ಕಿತ್ತಳೆಯೇ? ಮುಟ್ಟಿದರೆ ನನ್ನ ಹುಳಿಯ ಮರ್ಯಾದೆ ಏನಾದೀತು!" ಎನ್ನುತ್ತಲೇ ನೊಣ ಮುಳುಗಿತು.

ಇರುವೆ ಹಿಂದಿರುಗಿ ಬೇಸರದಲ್ಲಿ ಕಿತ್ತಳೆ ಹೋಳನ್ನು ಕಚ್ಚಿ, ಮುಖ ಕಿವುಚಿತು. "ಅಯ್ಯೋ ರಾಯರೇ, ಇದೂ ಹುಳಿಯೇ ಇತ್ತಲ್ಲ!"