ಉಂಗುರದಲ್ಲಿ ನಿಲ್ಲದ ಗುಂಡು

"ಕೋವಿ ಎತ್ತಿಕೊಂಡು ಜಿಂಕೆ ಹೊಡೆಯೋರು ಹಳೇ ಕಾಲದವರು. ನಾನು ಒಂದೇ ಕೈಯಲ್ಲಿ ಹೊಡೀತೀನಿ, ನೋಡ್ತಾ ಇರಿ" ಎಂದ ಕಣಿವೆದುರ್ಗದ ಅರಸ ಮುದ್ದಪ್ಪನಾಯಕ.

ಊಟಕ್ಕೆ ಕೂತಿದ್ದ ನೆರೆಯ ಅರಸ ಬಸವಂತನಾಯಕ ಹುಬ್ಬೇರಿಸಿದ. ಯಾರೋ ಪರದೇಶದ ವ್ಯಾಪಾರಿ ಮುದ್ದಪ್ಪನಾಯಕನಿಗೆ ದಂತದ ಹಿಡಿಯ ಪುಟ್ಟ ಪಿಸ್ತೂಲೊಂದನ್ನು ಕೊಟ್ಟುಹೋಗಿದ್ದ. ಅಂದಿನಿಂದ ಅರಸ ಅದನ್ನು ಸೊಂಟದಿಂದ ತೆಗೆದಿರಲಿಲ್ಲ. ನಿದ್ದೆಯಲ್ಲೂ ತಡವಿ ನೋಡಿಕೊಳ್ಳುತ್ತಿದ್ದನಂತೆ.

ಮರುದಿನ ಬೆಳಗ್ಗೆ ಬೇಟೆಗೆ ಹೊರಟವನನ್ನು ಕಾಡಿನ ಬಾಗಿಲಲ್ಲಿ ಕಾವಲುಗಾರ ಕಾಟಯ್ಯ ತಡೆದ. ಆ ಬಾಗಿಲಲ್ಲಿ ಕಬ್ಬಿಣದ ಒಂದು ಉಂಗುರ ಅಡ್ಡಲಾಗಿ ಚಾಚಿಕೊಂಡಿತ್ತು. ಅರಸನ ಅಜ್ಜ ಹಾಕಿಸಿದ್ದು. ಬೇಟೆಗೆ ಬಂದವರು ತಮ್ಮ ಗುಂಡನ್ನು ಅದರ ಮೇಲಿಡಬೇಕು. ಉಂಗುರದಲ್ಲಿ ನಿಂತರೆ ಆ ಕೋವಿಯಿಂದ ಜಿಂಕೆ ಹೊಡೆಯಬಹುದು. ತೂರಿ ಕೆಳಗೆ ಬಿದ್ದರೆ ಮೊಲ, ಕೌಜುಗಗಳಷ್ಟೇ. ಸಣ್ಣ ಗುಂಡು ತಿಂದ ಜಿಂಕೆ ಸಾಯುವುದಿಲ್ಲ, ಪೊದೆಗೆ ನುಗ್ಗಿ ನರಳುತ್ತದೆ. ಹೊಡೆದವನು ಗುರಿ ತಪ್ಪಿತು ಅಂದುಕೊಂಡು ಮನೆಗೆ ಹೋಗಿ ಉಣ್ಣುತ್ತಾನೆ. ಅಜ್ಜನಿಗೆ ಅದನ್ನು ಸಹಿಸಲಾಗಲಿಲ್ಲ. ಪಟ್ಟಕ್ಕೆ ಬಂದವರೆಲ್ಲ ಆ ಉಂಗುರ ಮುಟ್ಟಿ ಆಣೆ ಇಡಬೇಕೆಂದು ಕಟ್ಟಳೆ ಮಾಡಿದ್ದ. ಮುದ್ದಪ್ಪನಾಯಕನೂ ಇಟ್ಟಿದ್ದ.

ಪಿಸ್ತೂಲಿನ ಗುಂಡು ಉಂಗುರವನ್ನು ಸೋಕಲೂ ಇಲ್ಲ. ನೇರ ಕೆಳಗೆ ಬಿದ್ದು ಕುದುರೆಯ ಗೊರಸಿನ ಹತ್ತಿರ ಉರುಳಿತು.

"ಮೊಲಕ್ಕಾದ್ರೆ ಹೋಗ್‌ಬನ್ನಿ ಬುದ್ಧಿ. ಜಿಂಕೆಗೆ ಆಗಾಕಿಲ್ಲ" ಎಂದ ಕಾಟಯ್ಯ.

ಹಿಂದೆಯೇ ಬಂದಿದ್ದ ಬಸವಂತನಾಯಕ ಕೆಮ್ಮಿದ. ಅದು ಕೆಮ್ಮಲ್ಲ ಎಂಬುದು ಕುದುರೆಗೂ ಗೊತ್ತಾಯಿತು.

ಅರಸ ಅರಮನೆಗೆ ಮರಳಿದವನೇ ಮಂತ್ರಾಲೋಚನೆಯ ಮಲ್ಲರಸನನ್ನು ಕರೆಸಿದ. ಈ ಮಲ್ಲರಸನಿಗೆ ಆಸ್ಥಾನದಲ್ಲಿ ಇದ್ದ ಕೆಲಸ ಒಂದೇ, ಅರಸನ ಸಿಟ್ಟು ಇಳಿಯುವವರೆಗೆ ಎದುರಿಗೆ ನಿಂತಿರುವುದು.

"ಆಣೆ ಮುರಿಯಬಾರದು. ಉಂಗುರ ಮುಟ್ಟಬಾರದು. ಪಿಸ್ತೂಲು ಬದಲಾಗಬಾರದು. ಆದರೂ ನಾಳೆ ನಾನು ಜಿಂಕೆ ಹೊಡೀಬೇಕು. ಇಲ್ಲವಾದರೆ ಆ ಕಾಟಯ್ಯ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ರಾಜ್ಯ ಬಿಟ್ಟು ಹೋಗಲಿ."

ಕಾಟಯ್ಯ ತನ್ನ ಕೆಲಸ ಮಾಡಿದ್ದ, ಅಷ್ಟೇ ಅವನ ತಪ್ಪು. ಆದರೂ ಮಲ್ಲರಸ ಮುಖ ಗಂಟಿಕ್ಕಲಿಲ್ಲ.

"ಇಷ್ಟೇನಾ ಪ್ರಭು? ಉಂಗುರ ಇರಲಿ, ಪಿಸ್ತೂಲೂ ಇರಲಿ. ಜಿಂಕೆಯನ್ನು ಬದಲಾಯಿಸೋಣ."

"ಅಂದರೆ?"

"ಇಂದಿನಿಂದ ಈ ರಾಜ್ಯದಲ್ಲಿ ಜಿಂಕೆ ಎಂಬುದೆಲ್ಲ ಮೊಲ ಅಂತ ಡಂಗುರ ಹೊಡೆಸಿಬಿಡಿ. ಮೊಲಕ್ಕೆ ಸಣ್ಣ ಗುಂಡು ಸಾಕಲ್ಲ."

ಅರಸ ತೊಡೆ ತಟ್ಟಿಕೊಂಡ. ಆಸ್ಥಾನ ಪಂಡಿತರನ್ನು ಕೇಳಿದ್ದಕ್ಕೆ ಅವರು ಕಣ್ಣು ಮುಚ್ಚಿ ಆಲೋಚಿಸಿ, ಎರಡೂ ಹುಲ್ಲು ತಿನ್ನುತ್ತವೆ, ಎರಡಕ್ಕೂ ನಾಲ್ಕು ಕಾಲು, ಎರಡೂ ಅರಸರನ್ನು ಕಂಡರೆ ಓಡುತ್ತವೆ, ಭೇದವೇನೂ ಕಾಣೆವು ಎಂದರು. ಕೊಂಬು ಎಂದು ಯಾರೋ ಗೊಣಗಿದರು. ಅದು ವಯಸ್ಸಿಗೆ ಬಂದ ಮೊಲ ಎಂದು ಪಂಡಿತರು ಸಮಾಧಾನ ಹೇಳಿದರು. ಸಂಜೆಯೊಳಗೆ ಊರೆಲ್ಲ ಡಂಗುರ ಮೊಳಗಿತು.

ಮರುದಿನ ಬೆಳಗ್ಗೆ ಅರಸ ಸಿಂಗರಿಸಿಕೊಂಡು ಅಂಗಳಕ್ಕೆ ಇಳಿದ. ಅಲ್ಲಿ ನಗಾರಿಯವರಿಲ್ಲ, ಕಹಳೆಯವನೂ ಇಲ್ಲ. ಇಬ್ಬರು ಆಳುಗಳು ಬಸವಂತನಾಯಕನ ಪೀಠವನ್ನು ಹೊತ್ತುಕೊಂಡು ಹಿತ್ತಿಲ ಕಡೆ ಹೋಗುತ್ತಿದ್ದರು.

"ಎಲ್ಲಿಗೋ ಅದು?"

"ಅಡುಗೆಮನೆ ಹಿಂಬಾಗಿಲಿಗೆ ಬುದ್ಧಿ. ಅತಿಥಿಗಳು ಆಗಲೇ ಅಲ್ಲಿ ನಿಂತವ್ರೆ."

ಅರಸ ಓಡಿದ. ಈರುಳ್ಳಿ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಬಸವಂತನಾಯಕ ನೊಣ ಓಡಿಸಿಕೊಳ್ಳುತ್ತ ನಿಂತಿದ್ದ. ಅಡುಗೆಯವನು ಕೈಯಲ್ಲಿ ಪುಟ್ಟ ಪಾತ್ರೆ ಹಿಡಿದು ಕಾಯುತ್ತಿದ್ದ. ಮಲ್ಲರಸ ಮಾತ್ರ ಮದುವೆಮನೆಯ ಯಜಮಾನನ ಗತ್ತಿನಲ್ಲಿ ಓಡಾಡುತ್ತಿದ್ದ.

"ಏನಯ್ಯಾ ಇದು?"

"ನಮ್ಮ ಪದ್ಧತಿ ಪ್ರಭು. ಜಿಂಕೆ ಹೊಡೆದವರು ನಗಾರಿ ಬಾಗಿಲಿಂದ ಬರ್ತಾರೆ. ಮೊಲ ಹೊಡೆದವರು ಹಿಂಬಾಗಿಲಿಗೆ ಬಂದು, ಕಿವಿ ಹಿಡಿದು, ತಾವೇ ಅಡುಗೆಯವನ ಕೈಗೆ ಕೊಡಬೇಕು. ತಾವು ಹೊರಟಿರೋದು ಮೊಲದ ಬೇಟೆಗೆ ಅಲ್ಲವೇ?"

ಬಸವಂತನಾಯಕ ಅತ್ಯಂತ ಗಂಭೀರವಾಗಿ, "ಒಂದೇ ಕೈಯಲ್ಲಿ ಮೊಲ ಹೊಡೆಯೋದನ್ನ ನಾನೂ ನೋಡಿರಲಿಲ್ಲ. ನಮ್ಮೂರಿಗೆ ಹೋಗಿ ಎಲ್ಲರಿಗೂ ಹೇಳ್ತೀನಿ" ಎಂದ.

ಅರಸನ ಮುಖ ಕೆಂಪಾಯಿತು. ಮಲ್ಲರಸನನ್ನು ಪಕ್ಕಕ್ಕೆ ಎಳೆದು, "ಡಂಗುರ ಹಿಂದಕ್ಕೆ ತಗೋ. ಜಿಂಕೆ ಜಿಂಕೆಯೇ" ಎಂದು ಪಿಸುಗುಟ್ಟಿದ.

"ಆಗಲಿ ಪ್ರಭು. ಆದರೆ ಜಿಂಕೆ ಜಿಂಕೆಯೇ ಆದರೆ ನಿನ್ನೆ ಕಾಟಯ್ಯ ಹೇಳಿದ್ದು ಸರಿ ಅಂತಾಯಿತು. ಸರಿ ಹೇಳಿದವನನ್ನು ಊರು ಬಿಡಿಸೋದು ಹೇಗೆ?"

ಅರಸ ಸಿಪ್ಪೆಯ ರಾಶಿ ನೋಡಿದ, ಅಡುಗೆಯವನ ಪಾತ್ರೆ ನೋಡಿದ, ಸೊಂಟದ ಪಿಸ್ತೂಲು ನೋಡಿದ. ಮೊದಲು ತುಟಿ ಅಲುಗಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಕಾಟಯ್ಯನನ್ನು ಕರೆಸಿ, ತನ್ನ ಹೆಗಲ ಶಾಲನ್ನು ಅವನಿಗೆ ಹೊದಿಸಿ, ನಗಾರಿ ಬಾಗಿಲಿಂದಲೇ ಕಳಿಸಿಕೊಟ್ಟ. ಕಾಟಯ್ಯನಿಗೆ ಯಾಕೆಂದು ತಿಳಿಯದಿದ್ದರೂ ಶಾಲು ಬೆಚ್ಚಗಿತ್ತು.

"ಅಲ್ಲ ಮಲ್ಲರಸ," ಎಂದ ಅರಸ ಕಣ್ಣೊರೆಸಿಕೊಂಡು, "ನಾನು ಈ ಪೀಠ ನೋಡದೆ, ನೇರ ಕಾಡಿಗೆ ಹೋಗಿದ್ದರೆ? ಕೊಂಬಿನ ಜಿಂಕೆಯನ್ನೇ ಮೊಲ ಅಂತ ಹೊಡೆದು ತರೋಕೆ ಹೊರಟಿದ್ದರೆ ಏನು ಮಾಡ್ತಿದ್ದೆ?"

"ಅದಕ್ಕೂ ಕಾಟಯ್ಯನಿಗೆ ಹೇಳಿಟ್ಟಿದ್ದೆ ಪ್ರಭು. ಬಾಗಿಲಲ್ಲಿ ತಡೆದು ಒಂದೇ ಮಾತು ಕೇಳು ಅಂದಿದ್ದೆ."

"ಏನಂತ?"

"'ಮೊಲ ಇಷ್ಟು ದೊಡ್ಡದಾಗಿದೆಯಲ್ಲ ಬುದ್ಧಿ, ಇದಕ್ಕೆ ಈ ಸಣ್ಣ ಗುಂಡು ಸಾಲುತ್ತಾ?' ಅಂತ."