ಒಂಟಿ ಮರಿಯ ಅವ್ವ ಯಾರು?

ಯಾವುದೋ ಕಾಲದಲ್ಲಿ ಯಾವುದೋ ಒಂದು ಊರಿತ್ತಂತೆ. ಹೆಸರು ಕೇಳಬೇಡಿ, ನನಗೆ ಹೇಳಿದ ಅಜ್ಜಿಗೂ ಗೊತ್ತಿರಲಿಲ್ಲ. ಆ ಊರಲ್ಲಿ ಯಾರ ಮನೆ ಹೇಂಟೆ ಕಾವಿಗೆ ಕೂತರೂ ಕೇರಿಯವರೆಲ್ಲ ತಂತಮ್ಮ ಮೊಟ್ಟೆ ತಂದು ಅದರ ಕೆಳಗಿಡೋರಂತೆ. ಮರಿಯಾದ ಮೇಲೆ ಕತ್ತು ನೋಡಿ, ಕಾಲು ನೋಡಿ, ಇದು ನಂದು ಅದು ನಿಂದು ಅಂತ ಹಂಚಿಕೊಳ್ಳೋರಂತೆ.

ಅಲ್ಲಿ ಚಿಕ್ಕತಾಯಿ ಅಂತ ಒಬ್ಬ ಒಂಟಿ ಹೆಂಗಸು. ಅವಳಿಗಿದ್ದ ಒಂದೇ ಹೇಂಟೆಯನ್ನ ನರಿ ಹೊತ್ತುಕೊಂಡು ಹೋಯಿತು. ಅದಿಟ್ಟ ಕೊನೇ ಮೊಟ್ಟೆಯನ್ನ ಸಣ್ಣಮ್ಮನ ಮನೇಲಿ ಕಾವಿಗಿಟ್ಟು, ದಿನಾ ಹೋಗಿ ಇಣುಕಿ ಬರ್ತಿದ್ದಳಂತೆ.

ಮರಿಯೇನೋ ಆದವು. ಹಂಚಿಕೊಳ್ಳೋ ಮೊದಲೇ ಹದ್ದು ಬಂದು ಬಂದು ಎತ್ತಿಕೊಂಡು ಹೋಗಿ, ಉಳಿದದ್ದು ಒಂದೇ ಮರಿ. ಅದೋ, ಕತ್ತು ಬೋಳು, ಕಾಲ ತುಂಬ ಗರಿ. ಯಾವ ಜಾತಿ ಅಂತ ಹೇಳೋದು?

"ಬೋಳುಕತ್ತು ನಮ್ಮ ಹುಂಜದ್ದು. ಮರಿ ನಂದು" ಅಂದಳು ಸಣ್ಣಮ್ಮ.

"ಕಾಲಿನ ಗರಿ ನಮ್ಮ ಹುಂಜದ್ದು ಕಣಮ್ಮಿ. ಮರಿ ನಂದು" ಅಂದಳು ತಾನೂ ಮೊಟ್ಟೆ ತಂದಿಟ್ಟಿದ್ದ ಪಕ್ಕದ ಮನೆ ಮಾದೇವಿ.

ಚಿಕ್ಕತಾಯಿ ಮನೇಲಿ ಹುಂಜವೂ ಇಲ್ಲ, ಹೇಂಟೆಯೂ ಇಲ್ಲ. ಏನಂತ ಕೇಳ್ತಾಳೆ ಪಾಪ? ಈ ಮರಿ ಹೋದರೆ ಅವಳ ಅಂಗಳ ಖಾಲಿ. ಸಂಕಟ ತಡೀಲಾರದೆ ಊರ ಯಜಮಾನ ಮುದ್ದೇಗೌಡನ್ನ ಕರಕೊಂಡು ಬಂದಳಂತೆ. ಅವನಿಗೆ ಇಂಥ ಜಗಳ ಬಿಡಿಸೋಕೆ ಸಿಕ್ಕರೆ ಊಟವೂ ಬೇಡ.

ಗೌಡ ಮರೀನ ಅಂಗೈಲಿಟ್ಟು ತಿರುಗಿಸಿ ತಿರುಗಿಸಿ ನೋಡಿದ. "ಹುಂಜ ಊರೆಲ್ಲ ಅಲೆಯುತ್ತೆ ಕಣ್ರವ್ವ. ಒಂದು ಇದರ ಅಪ್ಪ, ಇನ್ನೊಂದು ಅಜ್ಜ ಇರಬೇಕು. ಮೊಟ್ಟೆಯಿಟ್ಟ ಅವ್ವ ಯಾರು? ಯಾವ ಹುಂಜಕ್ಕೂ ಇಲ್ಲದ ಗುರುತು ಏನಾದರೂ ಇದೆಯಾ?"

ಚಿಕ್ಕತಾಯಿ ಬಗ್ಗಿ ಮರಿಯ ಕಾಲಿನ ಗರಿ ಸರಿಸಿದಳು. ಹಿಂದುಗಡೆ ಒಂದು ಬೆರಳು ಹೆಚ್ಚಿಗೆ, ಕಾಲಿಗೆ ಐದು ಬೆರಳು!

"ನನ್ನ ಹೇಂಟೆಗೂ ಐದಿತ್ತು ಗೌಡ್ರೇ."

"ಸತ್ತ ಕೋಳಿಗೆ ಎಷ್ಟಿದ್ದರೇನು, ಕಂಡೋರ್ಯಾರು?" ಅಂದಳು ಮಾದೇವಿ.

ಚಿಕ್ಕತಾಯಿ ಎಲ್ಲರನ್ನೂ ತನ್ನ ಜಗಲಿಗೆ ಕರಕೊಂಡು ಹೋದಳಂತೆ. ಹಸಿ ಮಣ್ಣು ಮೆತ್ತಿದ ದಿನ ಹೇಂಟೆ ಅದರ ಮೇಲೆ ಓಡಾಡಿತ್ತು. ಬೈದುಕೊಂಡೇ ಹಾಗೇ ಬಿಟ್ಟಿದ್ದಳು. ನರಿ ಹೊತ್ತುಕೊಂಡು ಹೋದ ಮೇಲೆ ಆ ಹೆಜ್ಜೆ ಗುರುತು ಅಳಿಸೋಕೆ ಮನಸ್ಸೇ ಬರಲಿಲ್ಲ. ಒಂದೊಂದು ಹೆಜ್ಜೆಗೂ ಐದೈದು ಬೆರಳು.

ಸಣ್ಣಮ್ಮ ಕೂತು ನೋಡಿದಳು. ತಾನೇ ಮರೀನ ತಂದು ಚಿಕ್ಕತಾಯಿ ಮಡಿಲಿಗೆ ಹಾಕಿದಳು. "ನಿಂದೇ ಕಣಕ್ಕ."

ಮರಿ ಹೇಂಟೆಯಾಯ್ತು. ಚಿಕ್ಕತಾಯಿ ಖುಷಿಗೆ ಕಾವಿಗಿಡೋಕೆ ಅಂತ ಮನೆಮನೆಗೂ ಅದರ ಮೊಟ್ಟೆ ಹಂಚಿದಳಂತೆ. ಬರ್ತಾ ಬರ್ತಾ ಎಲ್ಲರ ಅಂಗಳದಲ್ಲೂ ಐದು ಬೆರಳಿನ ಕೋಳಿಗಳೇ ಆದವು. ಮತ್ತೊಮ್ಮೆ ಮರಿ ಯಾರದ್ದು ಅಂತ ಜಗಳ ಬಂದಾಗ ಗೌಡ ಬಂದ, ಒಂದೊಂದರ ಕಾಲೆತ್ತಿ ನೋಡಿದ, ಟವೆಲ್ ಕೊಡವಿ ಎದ್ದ.

"ಎಲ್ಲ ಚಿಕ್ಕತಾಯಿ ವಂಶವೇ. ಅವಳನ್ನೇ ಕೇಳ್ಕೊಳ್ಳಿ" ಅಂದು ಊಟಕ್ಕೆ ಹೋದನಂತೆ.

ಅವನು ಊಟಕ್ಕೆ ಹೋದ, ಕೋಳಿಗಳು ಗೂಡಿಗೆ ಹೋದವು, ನೀವೂ ಏಳಿ.