ಸೋಲು ಯಾರ ಪಾಲಿಗೆ?

ಬಾದಾಮಿ ಕಡೆಯ ಒಂದು ಕಬಡ್ಡಿ ತಂಡಕ್ಕೆ ಚನ್ನವೀರಪ್ಪ ಎಂಬ ಮ್ಯಾನೇಜರಿದ್ದರು. ತಂಡ ಗೆದ್ದಾಗಲೆಲ್ಲ ಮೈಕು ಹಿಡಿದು, "ಹುಡುಗರದು ಏನೂ ಇಲ್ರಿ, ಎಲ್ಲಾ ನನ್ನ ತಲಿ!" ಎನ್ನುತ್ತಿದ್ದರು. ಆಟಗಾರರು ಮೊಣಕಾಲಿನ ರಕ್ತ ಒರೆಸಿಕೊಳ್ಳುತ್ತಿದ್ದರು.

ಒಮ್ಮೆ ಫೈನಲ್‌ನಲ್ಲಿ ತಂಡ ಸೋತುಹೋಯಿತು. ಮ್ಯಾನೇಜರು ಸಂಘದ ಅಧ್ಯಕ್ಷರ ಮುಂದೆ ಸಿಟ್ಟಿನಿಂದ ಕುಣಿದಾಡಿದರು. "ಈ ಕ್ಯಾಪ್ಟನ್ ಯಮನೂರನಿಂದನ ಸೋತಿದ್ದು. ಇವತ್ತ ಇವನ್ನ ತಂಡದಿಂದ ತೆಗೀರಿ!"

ಯಮನೂರನಿಗೆ ಕಬಡ್ಡಿ ಬಿಟ್ಟರೆ ಬೇರೆ ಲೋಕವಿರಲಿಲ್ಲ. ಆದರೂ ಕೈಮುಗಿದು ಮೆತ್ತಗೆ ಹೇಳಿದ:

"ಸಾಹೇಬ್ರ, ನಿಮ್ಮದು ಭಾಳ ದೊಡ್ಡ ಮನಸ್ಸು. ಆದ್ರ ಇಷ್ಟು ದೊಡ್ಡ ಕೆಲಸ ನಮ್ಮ ಹೆಸರಿಗೆ ಹಚ್ಚಬ್ಯಾಡ್ರಿ. ನಮ್ಮಷ್ಟಕ್ಕ ನಮಗ ಗೆಲ್ಲಾಕ ಬರಲಿಲ್ಲ. ಇನ್ನ ನಮ್ಮಷ್ಟಕ್ಕ ಸೋಲಾಕ ಹೆಂಗ ಬರ್ತೈತ್ರಿ?"

ಅಧ್ಯಕ್ಷರು ಮೀಸೆಯಡಿ ನಕ್ಕರು. ಮ್ಯಾನೇಜರು ಬೆವೆತುಹೋದರು. "ಆಡಾವ್ರು ಅವ್ರು! ನಾನೇನು ಮಾಡ್ಲಿ? ಹೊರಗ ಕುರ್ಚಿ ಮ್ಯಾಲ ಕುಂತಿರ್ತೀನಿ!" ಎಂದು ಕೂಗಿದರು.

"ಹೌದಲ್ರಿ," ಎಂದರು ಅಧ್ಯಕ್ಷರು, "ಹಂಗಾರ ಗೆದ್ದ ಕಪ್ ಎಲ್ಲಾ ನಿಮ್ಮ ಮನ್ಯಾಗ ಯಾಕ ಅದಾವ?"

ಮರುದಿನ ಬೆಳಿಗ್ಗೆ ಮ್ಯಾನೇಜರು ಕಪ್‌ಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ, ತಾವೇ ಹೊತ್ತು ಸಂಘಕ್ಕೆ ತಂದರು. ಬಾಗಿಲು ತೆಗೆದವನು ಯಮನೂರ.

"ಕೊಡ್ರಿ ಸಾಹೇಬ್ರ," ಎಂದು ಅವನು ಚೀಲ ಇಳಿಸಿಕೊಂಡ. "ಒಬ್ಬರೇ ಹೊರೋ ಭಾರ ಅಲ್ಲ ಇದು."